ಮೊದಲು ಹೇಳು, ಆಮೇಲೆ ಕರೆ

ಪ್ರೋಗ್ರಾಮಿಂಗ್ ಕಲಿಯಲು ಕೂತವರಿಗೆ ಮೊದಲ ಕೆಲವು ವಾರಗಳಲ್ಲೇ ಕಂಪ್ಯೂಟರ್ ಒಂದು ತಕರಾರು ತೆಗೆಯುತ್ತದೆ: ಈ ಹೆಸರು ನನಗೆ ಗೊತ್ತಿಲ್ಲ. ಬರೆದವಳಿಗೆ ಆಶ್ಚರ್ಯ. ಹೆಸರು ಕಣ್ಣೆದುರಿಗೇ ಇದೆ, ಹತ್ತು ಸಾಲು ಕೆಳಗೆ. ಬಡ್ಡಿ ಲೆಕ್ಕ ಹಾಕುವ ತುಣುಕೊಂದನ್ನು ಬರೆದು ಅದಕ್ಕೆ ‘ಬಡ್ಡಿ’ ಎಂದೇ ಹೆಸರಿಟ್ಟಿದ್ದಾಳೆ. ಆದರೆ ಅದನ್ನು ಕರೆಯುವ ಸಾಲು ಮೇಲಿದೆ, ತುಣುಕು ಕೆಳಗಿದೆ. ಪಕ್ಕದಲ್ಲಿ ಕೂತವರು ‘ಅದನ್ನ ಎತ್ತಿ ಮೇಲೆ ಹಾಕು’ ಅನ್ನುತ್ತಾರೆ. ಹಾಕಿದರೆ ಸರಿಹೋಗುತ್ತದೆ. ಮರುದಿನ ಮತ್ತೆ ಅದೇ ತಕರಾರು. ಈ ಸಲ ‘ಒಟ್ಟು’ ಎಂಬ ಹೆಸರು ಮೇಲೆಯೇ ಇದೆ, ಆದರೆ ‘ಬಡ್ಡಿ’ಯ ಒಳಗಿದೆ. ಹೊರಗೆ ನಿಂತು ‘ಒಟ್ಟು’ ಎಷ್ಟೆಂದು ಕೇಳಿದರೆ ಕಂಪ್ಯೂಟರ್ ಅದೇ ಮಾತಿನಲ್ಲಿ, ಗೊತ್ತಿಲ್ಲ ಅನ್ನುತ್ತದೆ.

ಎರಡು ಬೇರೆ ತಪ್ಪುಗಳಿಗೆ ಒಂದೇ ಬೈಗುಳ. ಹೀಗಾಗಿ ಎರಡನ್ನೂ ಒಂದೇ ಕಾನೂನಿನ ಎರಡು ಕಲಮುಗಳೆಂದು ಕಲಿಯುವವರು ನಂಬಿಬಿಡುತ್ತಾರೆ. ಎಷ್ಟೋ ಪಠ್ಯಪುಸ್ತಕಗಳೂ ಎರಡನ್ನೂ ಒಂದೇ ಅಧ್ಯಾಯದಲ್ಲಿ ಹೇಳಿ ಮುಗಿಸುತ್ತವೆ. ಯಾಕೆ ಎಂದು ಕೇಳಿದರೆ ‘ಅದು ರೂಲ್’ ಎಂಬ ಉತ್ತರ ಸಿಗುತ್ತದೆ. ಪ್ರೋಗ್ರಾಮಿಂಗ್ ಭಾಷೆಗಳ ಚರಿತ್ರೆಯನ್ನು ಸಂಶೋಧನೆಗೆಂದು ಓದತೊಡಗಿದ ಮೇಲೆ ನನಗೆ ಈ ಉತ್ತರದ ಬಗ್ಗೆ ಸಿಟ್ಟು ಬರತೊಡಗಿದೆ. ಯಾಕೆಂದರೆ ಈ ಎರಡು ನಿಯಮಗಳು ಒಡಹುಟ್ಟಿದವಲ್ಲ. ಒಂದು ಹೆಸರು ಎಲ್ಲಿಂದ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದು, ಅಂದರೆ ವ್ಯಾಪ್ತಿ, ಬರೆದ ಪಠ್ಯದ ಅರ್ಥವೇನು ಎಂಬ ಪ್ರಶ್ನೆಯಿಂದ ಹುಟ್ಟಿದ್ದು. ಮೊದಲು ಘೋಷಿಸಬೇಕು, ಆಮೇಲೆ ಬಳಸಬೇಕು ಎಂಬ ಕ್ರಮದ ನಿಯಮ ಬಹುಮಟ್ಟಿಗೆ ಯಂತ್ರದ ಬಡತನದಿಂದ ಹುಟ್ಟಿದ್ದು. ಒಂದು ವ್ಯಾಕರಣದ ಮನೆಯದು, ಇನ್ನೊಂದು ಖರ್ಚುವೆಚ್ಚದ ಮನೆಯದು.

ದೊಡ್ಡ ಪ್ರೋಗ್ರಾಮಿನೊಳಗೆ ತನ್ನದೇ ಹೆಸರಿರುವ, ಬೇಕಾದಾಗ ಕರೆದು ಕೆಲಸ ಮಾಡಿಸಿಕೊಳ್ಳಬಹುದಾದ ತುಣುಕಿಗೆ ಸಬ್‌ಪ್ರೋಗ್ರಾಮ್ ಎನ್ನುತ್ತಾರೆ. ಫಂಕ್ಷನ್, ಪ್ರೊಸೀಜರ್, ಸಬ್‌ರುಟೀನ್ ಎಲ್ಲ ಅದರದೇ ಬಗೆಗಳು. ಇದರ ಕತೆ ಕೇಂಬ್ರಿಡ್ಜಿನ ಎಡ್ಸಾಕ್ ಯಂತ್ರದಿಂದ ಶುರುವಾಗುತ್ತದೆ. 1949ರ ಮೇ ತಿಂಗಳಲ್ಲಿ ಮೊದಲ ಲೆಕ್ಕ ಮಾಡಿದ ಈ ಯಂತ್ರಕ್ಕೆ ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್, ಸ್ಟ್ಯಾನ್ಲಿ ಗಿಲ್ ಸೇರಿ ಸಬ್‌ರುಟೀನುಗಳ ಒಂದು ಗ್ರಂಥಾಲಯವನ್ನೇ ಕಟ್ಟಿದರು. ಗ್ರಂಥಾಲಯ ಅನ್ನುವುದು ರೂಪಕವಲ್ಲ. ವರ್ಗಮೂಲಕ್ಕೆ ಒಂದು, ಸಂಖ್ಯೆಗಳನ್ನು ಮುದ್ರಿಸಲು ಇನ್ನೊಂದು ಎಂದು ರಂಧ್ರ ಹೊಡೆದ ಕಾಗದದ ಪಟ್ಟಿಗಳು ಬೀರುವಿನಲ್ಲಿ ವಿಂಗಡವಾಗಿ ಇರುತ್ತಿದ್ದವು. ಬೇಕಾದವರು ನಕಲು ತೆಗೆದು ತಮ್ಮ ಪಟ್ಟಿಗೆ ಸೇರಿಸಿಕೊಳ್ಳುತ್ತಿದ್ದರು. 1951ರಲ್ಲಿ ಈ ಮೂವರು ಬರೆದ ಪುಸ್ತಕ ಪ್ರೋಗ್ರಾಮಿಂಗ್ ಕುರಿತ ಮೊದಲ ಪಠ್ಯಪುಸ್ತಕವೆಂದು ಹೆಸರಾಗಿದೆ.

ಅಲ್ಲಿ ನಮ್ಮ ವಿದ್ಯಾರ್ಥಿನಿಯ ಎರಡು ತಕರಾರುಗಳೂ ಇರಲಿಲ್ಲ, ಏಕೆಂದರೆ ಹೆಸರುಗಳೇ ಇರಲಿಲ್ಲ. ಇದ್ದದ್ದು ಸ್ಮೃತಿಕೋಶದ ವಿಳಾಸಗಳು, ಅಂಕಿಗಳು. ಯಾವ ತುಣುಕು ಬೇಕಾದರೂ ಯಾವ ಕೋಶಕ್ಕೆ ಬೇಕಾದರೂ ಕೈ ಹಾಕಬಹುದಿತ್ತು. ಬಾಗಿಲುಗಳೇ ಇಲ್ಲದ ಮನೆ. ಆದರೆ ಒಂದು ಸಣ್ಣ ಸಂಗತಿ ಮುಂದಿನ ಕತೆಗೆ ಬೇಕು. ಸಬ್‌ರುಟೀನ್ ಕೆಲಸ ಮುಗಿಸಿ ಕರೆದವರ ಬಳಿಗೆ ವಾಪಸು ಹೋಗಬೇಕಲ್ಲ, ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? ವೀಲರ್ ಕಂಡುಕೊಂಡ ಉಪಾಯದಲ್ಲಿ, ಕರೆಯುವವರು ತಾವು ಎಲ್ಲಿದ್ದೇವೆ ಎಂಬುದನ್ನು ಕೈಯಲ್ಲಿ ಹಿಡಿದುಕೊಂಡೇ ಜಿಗಿಯುತ್ತಿದ್ದರು. ಸಬ್‌ರುಟೀನ್ ಮೊದಲ ಕೆಲಸವಾಗಿ ಅದರಿಂದ ‘ಇಲ್ಲಿಗೆ ಮರಳು’ ಎಂಬ ಆದೇಶವನ್ನು ತಯಾರಿಸಿ ತನ್ನದೇ ಕೊನೆಯ ಸಾಲಿನಲ್ಲಿ ನೆಟ್ಟುಕೊಳ್ಳುತ್ತಿತ್ತು. ಅಂದರೆ ವಾಪಸಿನ ವಿಳಾಸಕ್ಕೆ ಇದ್ದದ್ದು ಒಂದೇ ಜಾಗ. ಸಬ್‌ರುಟೀನ್ ಮುಗಿಯುವ ಮೊದಲೇ ತನ್ನನ್ನು ತಾನೇ ಮತ್ತೊಮ್ಮೆ ಕರೆದುಕೊಂಡರೆ ಎರಡನೆಯ ವಿಳಾಸ ಮೊದಲನೆಯದನ್ನು ಅಳಿಸಿಹಾಕುತ್ತಿತ್ತು. ಮನೆಗೆ ಹೋಗುವ ದಾರಿಯೇ ಮರೆತುಹೋದಂತೆ.

ಹೆಸರುಗಳು ಬಂದದ್ದು ಫೋರ್ಟ್ರಾನ್‌ನಂಥ ಭಾಷೆಗಳ ಜೊತೆಗೆ. ಐಬಿಎಂ ಕಂಪನಿಯ ಜಾನ್ ಬ್ಯಾಕಸ್ ತಂಡ 1957ರಲ್ಲಿ ಕೊಟ್ಟ ಮೊದಲ ಫೋರ್ಟ್ರಾನ್‌ನಲ್ಲಿ ನಮ್ಮದೇ ಸಬ್‌ಪ್ರೋಗ್ರಾಮುಗಳನ್ನು ಪ್ರತ್ಯೇಕವಾಗಿ ಬರೆಯುವ ಅನುಕೂಲ ಇರಲಿಲ್ಲ. 1958ರ ಎರಡನೆಯ ಆವೃತ್ತಿಯಲ್ಲಿ ಬಂತು. ಅಲ್ಲಿ ಪ್ರತಿ ಸಬ್‌ಪ್ರೋಗ್ರಾಮೂ ಒಂದೊಂದು ಬೇರೆ ಮನೆ. ಬೇರೆಯಾಗಿಯೇ ಕಂಪೈಲ್ ಆಗುತ್ತಿದ್ದರಿಂದ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಮಾತೇ ಇಲ್ಲ. ಒಂದರ ಒಳಗಿನ ಹೆಸರು ಇನ್ನೊಂದಕ್ಕೆ ಕಾಣುವುದಿಲ್ಲ. ಹಂಚಿಕೊಳ್ಳಬೇಕಾದದ್ದು ಏನಾದರೂ ಇದ್ದರೆ ‘ಕಾಮನ್’ ಎಂಬ ಸಾಮಾನ್ಯ ಜಾಗದಲ್ಲಿ ಇಡಬೇಕು. ತಮಾಷೆಯೆಂದರೆ ಅಲ್ಲಿ ಹಂಚಿಕೆಯಾಗುತ್ತಿದ್ದದ್ದು ಹೆಸರಲ್ಲ, ಸ್ಥಾನ. ಒಂದು ಸಬ್‌ಪ್ರೋಗ್ರಾಮ್ ಆ ಸಾಲಿನ ಮೊದಲ ಕೋಶವನ್ನು ‘ಅಸಲು’ ಎಂದೂ ಇನ್ನೊಂದು ಅದೇ ಕೋಶವನ್ನು ‘ಬಡ್ಡಿ’ ಎಂದೂ ಕರೆಯಬಹುದಿತ್ತು. ಲಾಡ್ಜಿನ ಒಂದನೇ ನಂಬರ್ ರೂಮಿನಲ್ಲಿ ಯಾರಿದ್ದಾರೆ ಎಂಬುದನ್ನು ಯಾರೂ ವಿಚಾರಿಸುತ್ತಿರಲಿಲ್ಲ.

ಹೆಸರಿಗೆ ನಿಜವಾದ ಮರ್ಯಾದೆ ಸಿಕ್ಕಿದ್ದು ಆಲ್ಗಾಲ್‌ನಲ್ಲಿ. 1960ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಯೂರೋಪು, ಅಮೆರಿಕಗಳಿಂದ ಬಂದ 13 ಮಂದಿ ಆರು ದಿನ ಕೂತು ಒಂದು ಭಾಷೆಯನ್ನು ನಿಶ್ಚಯಿಸಿದರು. ಹದಿನಾಲ್ಕನೆಯವರಾಗಿ ಬರಬೇಕಿದ್ದ ವಿಲಿಯಂ ಟುರಾನ್‌ಸ್ಕಿ ಸಭೆಗೆ ಸ್ವಲ್ಪ ಮೊದಲು ವಾಹನ ಬಡಿದು ತೀರಿಕೊಂಡಿದ್ದರು. ವರದಿಯನ್ನು ಅವರಿಗೇ ಅರ್ಪಿಸಲಾಗಿದೆ. ಸಂಪಾದಕರು ಡೆನ್ಮಾರ್ಕಿನ ಪೀಟರ್ ನೌರ್. ಈ ವರದಿಯ ವಿಶೇಷವೆಂದರೆ ಅದು ಯಾವ ಯಂತ್ರದ ಬಗ್ಗೆಯೂ ಮಾತಾಡುವುದಿಲ್ಲ. ಕಾಗದದ ಮೇಲೆ ಬರೆದ ಪಠ್ಯವನ್ನು ಹೇಗೆ ಓದಬೇಕು ಎಂಬುದನ್ನಷ್ಟೇ ಹೇಳುತ್ತದೆ. ‘ಬಿಗಿನ್’ ಮತ್ತು ‘ಎಂಡ್’ ಎಂಬ ಎರಡು ಪದಗಳ ನಡುವಿನದು ಒಂದು ಬ್ಲಾಕ್. ಬ್ಲಾಕಿನ ಒಳಗೆ ಘೋಷಿಸಿದ ಹೆಸರು ಆ ಬ್ಲಾಕಿನದು. ಹೊರಗೆ ಅದೇ ಹೆಸರಿನ ಇನ್ನೊಬ್ಬರು ಇದ್ದರೆ ಒಳಗಿರುವವರೆಗೆ ಅವರು ಮರೆ. ನಮ್ಮ ಮನೆಯಲ್ಲಿ ‘ಅಜ್ಜಿ’ ಎಂದು ಕೂಗಿದರೆ ನಮ್ಮ ಅಜ್ಜಿಯೇ ಓಗೊಡುತ್ತಾರೆ. ಪಕ್ಕದ ಮನೆಯ ಅಜ್ಜಿ ತಿರುಗಿ ನೋಡುವುದಿಲ್ಲ. ನಮ್ಮ ಮನೆಯಲ್ಲಿ ಅಜ್ಜಿ ಇಲ್ಲದಿದ್ದರೆ ಮಾತ್ರ ಆ ಕರೆ ಹೊರಗಿನ ಬ್ಲಾಕಿಗೆ ಹೋಗುತ್ತದೆ.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ಒಂದು ಪರಿಚಿತ ಮುಖ ಕಾಣುತ್ತದೆ. ಆಲ್ಗಾಲ್ ವರದಿ ಬಳಸಿದ ವ್ಯಾಕರಣ ಸಂಕೇತಕ್ಕೆ ಬ್ಯಾಕಸ್ ಹೆಸರು ಅಂಟಿಕೊಂಡಿತ್ತು. 1967ರಲ್ಲಿ ಇಂಗರ್‌ಮನ್ ಎಂಬವರು ಅಮೆರಿಕದ ಕಂಪ್ಯೂಟರ್ ಪತ್ರಿಕೆಯೊಂದಕ್ಕೆ ಪತ್ರ ಬರೆದು, ಇದನ್ನು ಪಾಣಿನಿ-ಬ್ಯಾಕಸ್ ಸಂಕೇತ ಎಂದು ಕರೆಯಬಾರದೇಕೆ ಎಂದು ಕೇಳಿದರು. ಪಾಣಿನಿಯೇ ಮೊದಲ ಪ್ರೋಗ್ರಾಮರ್ ಎಂದು ಹೆಮ್ಮೆ ಪಡುವವರ ಸಾಲಿಗೆ ನಾನು ಸೇರಿದವಳಲ್ಲ. ಆದರೆ ನಮ್ಮ ವಿಷಯದ ಮಟ್ಟಿಗೆ ಹೋಲಿಕೆ ಪೊಳ್ಳಲ್ಲ. ಅಷ್ಟಾಧ್ಯಾಯಿಯಲ್ಲಿ ಅಧಿಕಾರ ಸೂತ್ರಗಳೆಂಬವು ಇವೆ. ಒಮ್ಮೆ ಹೇಳಿದ ಪದ ಮುಂದಿನ ಸೂತ್ರಗಳಲ್ಲಿ ಒಂದು ಗಡಿಯವರೆಗೆ ತಾನಾಗಿ ಹರಿದುಬರುತ್ತದೆ. ಅದು ಹೆಸರಿನ ವ್ಯಾಪ್ತಿಯೇ. ಇನ್ನು ಎಂಟನೆಯ ಅಧ್ಯಾಯದ ಕೊನೆಯ ಮೂರು ಪಾದಗಳ ಸೂತ್ರಗಳು, ಅವಕ್ಕಿಂತ ಹಿಂದಿನವುಗಳ ಪಾಲಿಗೆ ನಡೆದೇ ಇಲ್ಲವೆಂಬಂತೆ ಇರಬೇಕು. ಅಂದರೆ ಅಲ್ಲಿ ಕ್ರಮವೇ ಅರ್ಥ. ಸೂತ್ರ ಯಾವ ಜಾಗದಲ್ಲಿ ಕೂತಿದೆ ಎಂಬುದನ್ನು ತಪ್ಪಿಸಿದರೆ ಪದರೂಪವೇ ತಪ್ಪುತ್ತದೆ. 1604ರಲ್ಲಿ ಕನ್ನಡ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದ ಭಟ್ಟಾಕಳಂಕನನ್ನು ತರಗತಿಯಲ್ಲಿ ಓದಿದವರಿಗೆ, ಸೂತ್ರವನ್ನು ಒಂಟಿಯಾಗಿ ಕಿತ್ತು ಓದಿದರೆ ಏನಾಗುತ್ತದೆ ಎಂಬ ಅನುಭವ ಇದ್ದೇ ಇರುತ್ತದೆ.

ಪ್ಯಾರಿಸ್ ಸಭೆ ಮುಗಿದ ಮೇಲೆ, ಫೆಬ್ರವರಿಯಲ್ಲಿ, ನೌರ್ ಕರಡು ತಿದ್ದುತ್ತಿದ್ದಾಗ ಆಮ್‌ಸ್ಟರ್‌ಡ್ಯಾಮಿನಿಂದ ಅವರಿಗೊಂದು ಫೋನು ಬಂತು. ಮಾತಾಡಿದವರು ಆಡ್ರಿಯಾನ್ ಫಾನ್ ವೈನ್‌ಹಾರ್ಡನ್. ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರ ಪರವಾಗಿಯೂ ಮಾತಾಡುತ್ತಿದ್ದರು. ಅವರ ಪ್ರಶ್ನೆ ಇಷ್ಟೇ: ಒಂದು ಪ್ರೊಸೀಜರಿನ ಒಡಲಿನೊಳಗೆ ಅದರದೇ ಹೆಸರು ಬಂದರೆ ಅದಕ್ಕೆ ಏನರ್ಥ? ಕರಡಿನಲ್ಲಿ ಈ ಬಗ್ಗೆ ಮಾತಿಲ್ಲ. ಅವರ ಸಲಹೆಯಂತೆ, ಹಾಗೆ ಬಂದ ಹೆಸರು ಆ ಪ್ರೊಸೀಜರನ್ನೇ ಕರೆಯುತ್ತದೆ ಎಂಬ ಅರ್ಥದ ಒಂದು ವಾಕ್ಯ ವರದಿಗೆ ಸೇರಿತು. ತನ್ನನ್ನು ತಾನು ಕರೆದುಕೊಳ್ಳುವ ರಿಕರ್ಶನ್ ಆಲ್ಗಾಲ್‌ಗೆ ಬಂದದ್ದು ಹೀಗೆ. ಇದಕ್ಕಾಗಿ ಪ್ರತ್ಯೇಕ ಪದವೊಂದನ್ನು ಭಾಷೆಗೆ ಸೇರಿಸುವ ಸೂಚನೆ ಈ ಮೊದಲೇ ಬಿದ್ದುಹೋಗಿತ್ತು. ಸಮಿತಿಯ ಸದಸ್ಯರಾಗಿದ್ದ ಜರ್ಮನಿಯ ಬಾವರ್ ಇದನ್ನು ಮುಂದೆ ‘ಆಮ್‌ಸ್ಟರ್‌ಡ್ಯಾಮಿನ ಸಂಚು’ ಎಂದು ಕರೆದರು. ಸಂಚೋ ಅಲ್ಲವೋ, ನನ್ನ ಮಟ್ಟಿಗೆ ಮುಖ್ಯವಾದದ್ದು ಪ್ರಶ್ನೆ ಬಂದ ರೀತಿ. ಯಂತ್ರಕ್ಕೆ ಇದು ಸಾಧ್ಯವೇ ಎಂದು ಅವರು ಕೇಳಲಿಲ್ಲ. ಹೆಸರು ಅಲ್ಲಿ ಕಾಣುತ್ತದೆ ಎಂದಮೇಲೆ ಅದಕ್ಕೊಂದು ಅರ್ಥ ಇರಬೇಕಲ್ಲ ಎಂದು ಕೇಳಿದರು. ವ್ಯಾಪ್ತಿಯ ನಿಯಮವನ್ನು ಕೊನೆಯವರೆಗೆ ಓದಿದರೆ ಎಲ್ಲಿಗೆ ತಲುಪುತ್ತೇವೋ ಅಲ್ಲಿಗೆ ತಲುಪಿದ್ದರು.

ಯಂತ್ರಕ್ಕೆ ಸಾಧ್ಯ ಮಾಡಿಸುವ ಹೊಣೆಯನ್ನೂ ಅವರೇ ಹೊತ್ತರು. ವೀಲರ್ ಉಪಾಯದಲ್ಲಿ ವಾಪಸಿನ ವಿಳಾಸಕ್ಕೆ ಒಂದೇ ಜಾಗ ಎಂದೆನಲ್ಲ. ಡೈಕ್‌ಸ್ಟ್ರಾ ಮತ್ತು ಯಾಪ್ ಝೋನೆವೆಲ್ಡ್ ತಮ್ಮ ಎಕ್ಸ್1 ಯಂತ್ರದಲ್ಲಿ ಪ್ರತಿ ಕರೆಗೂ ಹೊಸ ಜಾಗ ಕೊಟ್ಟರು, ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಂತೆ. ಕೊನೆಯ ಕರೆ ಮುಗಿದರೆ ಮೇಲಿನ ತಟ್ಟೆ ತೆಗೆದರಾಯಿತು. 1960ರ ಆಗಸ್ಟ್ ಹೊತ್ತಿಗೆ ಅವರ ಕಂಪೈಲರ್ ಓಡುತ್ತಿತ್ತು. ಕೆಲಸ ಮುಗಿಯುವ ತನಕ ಇಬ್ಬರೂ ಗಡ್ಡ ಬೋಳಿಸುವುದಿಲ್ಲವೆಂದು ಪಣ ತೊಟ್ಟಿದ್ದರಂತೆ. ಝೋನೆವೆಲ್ಡ್ ಆಮೇಲೆ ಬೋಳಿಸಿಕೊಂಡರು, ಡೈಕ್‌ಸ್ಟ್ರಾ ಗಡ್ಡ ಬಿಟ್ಟೇ ಉಳಿದರು ಎಂದು ಹೇಳುತ್ತಾರೆ. ನಾಲ್ಕು ವರ್ಷಗಳ ನಂತರವೂ ಎಷ್ಟೋ ಕಂಪೈಲರುಗಳು ಇದನ್ನು ಸರಿಯಾಗಿ ಮಾಡುತ್ತಿರಲಿಲ್ಲ. 1964ರಲ್ಲಿ ಡೊನಾಲ್ಡ್ ಕ್ನೂತ್ ಒಂದು ಪುಟ್ಟ ಪರೀಕ್ಷೆಯ ಪ್ರೋಗ್ರಾಮ್ ಬರೆದು ಹಂಚಿದರು. ತನ್ನನ್ನು ಕರೆದುಕೊಳ್ಳುವ ಪ್ರೊಸೀಜರ್, ಅದರೊಳಗೆ ಇನ್ನೊಂದು, ಅದು ಹೊರಗಿನ ಹೆಸರನ್ನು ಬಳಸುತ್ತದೆ; ಎಷ್ಟನೆಯ ಕರೆಯ ಹೆಸರು ಎಂದು ಕಂಪೈಲರ್ ತಪ್ಪದೆ ಹಿಡಿಯಬೇಕು. ಕೈಯಿಂದ ಲೆಕ್ಕ ಹಾಕಿ ಉತ್ತರ -121 ಇರಬಹುದೆಂದು ಕ್ನೂತ್ ಊಹಿಸಿದ್ದರು. ಸರಿಯುತ್ತರ -67. ನಮ್ಮ ಹುಡುಗ ಹುಡುಗಿಯರು ವ್ಯಾಪ್ತಿಯ ಪ್ರಶ್ನೆಯಲ್ಲಿ ಅಂಕ ಕಳೆದುಕೊಂಡಾಗ ನೆನಪಿಸಿಕೊಳ್ಳಬೇಕಾದ ಸಂಖ್ಯೆ ಇದು.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಜಾನ್ ಮೆಕಾರ್ಥಿಯವರ ಲಿಸ್ಪ್ ಇನ್ನೊಂದು ದಾರಿ ಹಿಡಿದಿತ್ತು. ಅಲ್ಲಿ ಫಂಕ್ಷನ್ನಿನೊಳಗೆ ಅಪರಿಚಿತ ಹೆಸರು ಬಂದರೆ, ಅದನ್ನು ಬರೆದ ಜಾಗದ ಸುತ್ತ ಹುಡುಕದೆ, ಓಡುವಾಗ ಅದನ್ನು ಕರೆದವರ ಬಳಿ ಹುಡುಕುತ್ತಿದ್ದರು. ವ್ಯತ್ಯಾಸ ಸೂಕ್ಷ್ಮ. ಊರಿಂದ ಅಪ್ಪ ಬರೆದ ಕಾಗದದಲ್ಲಿ ‘ಇಲ್ಲಿ ಮಳೆ ಚೆನ್ನಾಗಿದೆ’ ಎಂದಿದ್ದರೆ ಮುಂಬೈಯಲ್ಲಿ ಅದನ್ನು ಓದುವ ಮಗ ಕಿಟಕಿಯಾಚೆ ನೋಡುವುದಿಲ್ಲ. ‘ಇಲ್ಲಿ’ ಎಂದರೆ ಬರೆದ ಊರು ಎಂದು ಅವನಿಗೆ ಗೊತ್ತು. ಲಿಸ್ಪ್ ಕಿಟಕಿಯಾಚೆ ನೋಡುತ್ತಿತ್ತು. ಜೇಮ್ಸ್ ಸ್ಲೇಗಲ್ ಎಂಬ ವಿದ್ಯಾರ್ಥಿಯ ಪ್ರೋಗ್ರಾಮ್ ಇದರಿಂದ ಕೆಟ್ಟಾಗ ಅವರು ದೂರಿದರು. ಇದೊಂದು ಸಣ್ಣ ದೋಷ, ಸರಿಪಡಿಸಿದರಾಯಿತು ಎಂದೇ ಮೆಕಾರ್ಥಿ ಭಾವಿಸಿದ್ದರು. ಅದು ಅಷ್ಟು ಸಣ್ಣದಾಗಿರಲಿಲ್ಲ. 1975ರಲ್ಲಿ ಎಂಐಟಿಯ ಸಸ್‌ಮನ್ ಮತ್ತು ಸ್ಟೀಲ್ ಲಿಸ್ಪ್‌ನ ಸ್ಕೀಮ್ ಎಂಬ ಹೊಸ ಕವಲನ್ನು ತಂದು ಆಲ್ಗಾಲ್‌ನ ಓದಿನ ನಿಯಮಕ್ಕೆ ಮರಳಿದರು. ಇಂದಿನ ಬಹುಪಾಲು ಭಾಷೆಗಳು ಬರೆದ ಊರಿನ ಪಕ್ಷವನ್ನೇ ಹಿಡಿದಿವೆ.

ಇಷ್ಟರವರೆಗೂ ಕ್ರಮದ ಮಾತು ಬಂದಿಲ್ಲ, ಗಮನಿಸಿ. ಆಲ್ಗಾಲ್‌ನಲ್ಲಿ ಘೋಷಣೆಗಳು ಬ್ಲಾಕಿನ ಆರಂಭದಲ್ಲಿರಬೇಕಿತ್ತು, ನಿಜ. ಆದರೆ ಒಂದೇ ಬ್ಲಾಕಿನ ಎರಡು ಪ್ರೊಸೀಜರುಗಳಲ್ಲಿ ಯಾವುದು ಮೇಲಿದ್ದರೂ ಪರಸ್ಪರ ಕರೆಯಬಹುದಿತ್ತು. ಹೆಸರಿನ ವ್ಯಾಪ್ತಿ ಇಡೀ ಬ್ಲಾಕು. ಓದುಗನಿಗೆ ಇದರಲ್ಲಿ ಕಷ್ಟವಿಲ್ಲ, ಪುಟ ತಿರುಗಿಸಿದರೆ ಕೆಳಗಿನದೂ ಕಾಣುತ್ತದೆ. ಕಷ್ಟ ಇದ್ದದ್ದು ಕಂಪೈಲರಿಗೆ. ಕೋಪನ್‌ಹೇಗನ್ನಿನ ಗಿಯರ್ ಯಂತ್ರದ ಮುಖ್ಯ ಸ್ಮೃತಿಯಲ್ಲಿ ಇದ್ದದ್ದು 1024 ಪದಗಳಷ್ಟು ಜಾಗ, ಜೊತೆಗೊಂದು ನಿಧಾನದ ಡ್ರಮ್ಮು. ಅದಕ್ಕಾಗಿ ನೌರ್ ಮತ್ತು ಗೆಳೆಯರು 1962ರಲ್ಲಿ ಮುಗಿಸಿದ ಆಲ್ಗಾಲ್ ಕಂಪೈಲರು ಪ್ರೋಗ್ರಾಮಿನ ಮೇಲೆ 9 ಸಲ ಹಾದುಹೋಗುತ್ತಿತ್ತು. ಒಂದು ಸಲಕ್ಕೆ ಸ್ವಲ್ಪ ಸ್ವಲ್ಪ ಅರ್ಥ ಮಾಡಿಕೊಳ್ಳುತ್ತ, ಪ್ರತಿ ಸುತ್ತಿನಲ್ಲೂ ಪಠ್ಯದ ಹೊಸ ರೂಪ ಬರೆದಿಡುತ್ತ. ಹಳಗನ್ನಡ ಕಾವ್ಯಕ್ಕೆ ನಾವು ಮಾಡುವುದೂ ಹೆಚ್ಚುಕಡಿಮೆ ಹಾಗೆಯೇ: ಮೊದಲು ಪದ ಬಿಡಿಸು, ಆಮೇಲೆ ಅನ್ವಯ, ಆಮೇಲೆ ಅರ್ಥ.

ಜ್ಯೂರಿಕ್‌ನ ನಿಕ್ಲಾಸ್ ವಿರ್ತ್‌ಗೆ ಅಷ್ಟು ಸುತ್ತು ಬೇಕಿರಲಿಲ್ಲ. ಆಲ್ಗಾಲ್‌ನ ಉತ್ತರಾಧಿಕಾರಿಯ ಬಗ್ಗೆ ಸಮಿತಿಯೊಂದಿಗೆ ಮನಸ್ತಾಪವಾಗಿ ಹೊರಬಂದ ಅವರು 1970ರಲ್ಲಿ ಪ್ಯಾಸ್ಕಲ್ ಭಾಷೆಯನ್ನು ತಂದರು. ಕಲಿಸಲು ತಕ್ಕದ್ದಾಗಿರಬೇಕು, ಅಗ್ಗವಾಗಿ ಓಡಬೇಕು. ಅದರ ಕಂಪೈಲರ್ ಪಠ್ಯವನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಲ ಓದುತ್ತದೆ, ಓದುತ್ತಲೇ ಯಂತ್ರದ ಆದೇಶಗಳನ್ನು ಬರೆಯುತ್ತದೆ, ಹಿಂದಿರುಗಿ ನೋಡುವುದಿಲ್ಲ. ಇಂಥವನಿಗೆ ಗೊತ್ತಿಲ್ಲದ ಹೆಸರು ಎದುರಾದರೆ ‘ಮುಂದೆ ಬರಬಹುದು, ಕಾಯೋಣ’ ಎನ್ನಲು ಪುರುಸೊತ್ತಿಲ್ಲ. ಅದು ಸಂಖ್ಯೆಯೋ ಅಕ್ಷರವೋ, ಎಷ್ಟು ಜಾಗ ಬೇಕೋ ಈಗಲೇ ತಿಳಿಯಬೇಕು. ಮೊದಲು ಹೇಳು, ಆಮೇಲೆ ಕರೆ. ನಮ್ಮ ವಿದ್ಯಾರ್ಥಿನಿ ‘ಬಡ್ಡಿ’ಯನ್ನು ಎತ್ತಿ ಮೇಲೆ ಹಾಕಬೇಕಾಗಿ ಬರುವುದರ ಮೂಲ ಇಂಥ ಒಂದೇ ಸುತ್ತಿನ ಓದಿನಲ್ಲಿದೆ.

ಎತ್ತಿ ಮೇಲೆ ಹಾಕಿದರೆ ಎಲ್ಲವೂ ಸರಿಹೋಗುವುದೂ ಇಲ್ಲ. ಎರಡು ಫಂಕ್ಷನುಗಳನ್ನು ಯೋಚಿಸಿ. ‘ಸಮ’ ಒಂದು ಸಂಖ್ಯೆ ಸಮಸಂಖ್ಯೆಯೇ ಎಂದು ಹೇಳಬೇಕು: ಸೊನ್ನೆಯಾದರೆ ಹೌದು, ಇಲ್ಲವಾದರೆ, ಒಂದು ಕಡಿಮೆ ಮಾಡಿ ‘ಬೆಸ’ವನ್ನು ಕೇಳು. ‘ಬೆಸ’ ಸೊನ್ನೆಯಾದರೆ ಅಲ್ಲ ಎನ್ನುತ್ತದೆ. ಇಲ್ಲವಾದರೆ, ಒಂದು ಕಡಿಮೆ ಮಾಡಿ ‘ಸಮ’ವನ್ನು ಕೇಳುತ್ತದೆ. ಇವುಗಳಲ್ಲಿ ಯಾವುದನ್ನು ಮೇಲಿಡುತ್ತೀರಿ? ಯಾವುದನ್ನು ಇಟ್ಟರೂ ಅದು ಕೆಳಗಿನದನ್ನು ಕರೆಯುತ್ತದೆ. ಇದಕ್ಕೆ ಪ್ಯಾಸ್ಕಲ್ ಕಂಡುಕೊಂಡ ದಾರಿಯೇ ‘ಫಾರ್ವರ್ಡ್’. ‘ಬೆಸ’ ಎಂಬುದೊಂದು ಇದೆ, ಅದು ಒಂದು ಸಂಖ್ಯೆ ತೆಗೆದುಕೊಳ್ಳುತ್ತದೆ, ಹೌದು ಅಥವಾ ಅಲ್ಲ ಎಂದು ಉತ್ತರಿಸುತ್ತದೆ, ಒಡಲು ಮುಂದೆ ಬರುತ್ತದೆ ಎಂದು ತಲೆಸಾಲು ಮಾತ್ರ ಮೊದಲೇ ಬರೆದಿಡುವುದು. ಪತ್ರಿಕೆಗಳ ‘ಮುಂದಿನ ಸಂಚಿಕೆಯಲ್ಲಿ’ ಇದ್ದಂತೆ. ಆಮೇಲೆ ಒಡಲು ಬರೆಯುವಾಗ ಆವರಣದ ವಿವರಗಳನ್ನು ಮತ್ತೆ ಬರೆಯಬಾರದು, ಒಮ್ಮೆ ಹೇಳಿಯಾಗಿದೆಯಲ್ಲ! ಇನ್ನೊಂದು ವಿನಾಯಿತಿಯೂ ಇತ್ತು: ಪಾಯಿಂಟರ್ ಮಾತ್ರ ಇನ್ನೂ ಘೋಷಿಸದ ಬಗೆಯ ಕಡೆಗೆ ಬೊಟ್ಟು ಮಾಡಬಹುದು. ಯಾಕೆಂದರೆ ಬೊಟ್ಟು ಮಾಡುವ ಬೆರಳಿಗೆ ಎಷ್ಟು ಜಾಗ ಬೇಕೆಂದು ಕಂಪೈಲರಿಗೆ ಮೊದಲೇ ಗೊತ್ತು. ವಿನಾಯಿತಿಯ ಆಕಾರ ನೋಡಿದರೆ ನಿಯಮ ಯಾರ ಅನುಕೂಲಕ್ಕೆ ಹುಟ್ಟಿದ್ದೆಂದು ತಿಳಿಯುತ್ತದೆ.

ಎರಡು ನಿಯಮಗಳು ಢಿಕ್ಕಿ ಹೊಡೆದದ್ದು ಇಲ್ಲಿಯೇ. 1977ರಲ್ಲಿ ವೆಲ್ಷ್, ಸ್ನೀರಿಂಜರ್ ಮತ್ತು ಟೋನಿ ಹೋರ್ ಪ್ಯಾಸ್ಕಲ್‌ನ ಸಂದಿಗ್ಧಗಳ ಬಗ್ಗೆ ಒಂದು ಲೇಖನ ಬರೆದರು. ಹೆಸರಿನ ವ್ಯಾಪ್ತಿ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಭಾಷೆಯ ವರದಿ ಸ್ಪಷ್ಟವಾಗಿ ಹೇಳಿಲ್ಲ ಎಂಬುದು ಅವರ ಆಕ್ಷೇಪಗಳಲ್ಲೊಂದು. ಉದಾಹರಣೆಯನ್ನು ನಮ್ಮ ಹೆಸರುಗಳಲ್ಲಿ ಹೀಗೆ ಹೇಳಬಹುದು. ಹೊರಗೆ ‘ಮುದ್ರಿಸು’ ಎಂಬ ಪ್ರೊಸೀಜರ್ ಇದೆ. ಅದರ ಕೆಳಗೆ ‘ವರದಿ’ ಎಂಬ ಇನ್ನೊಂದು. ‘ವರದಿ’ಯ ಒಳಗೆ ಎರಡು ಪುಟ್ಟ ಪ್ರೊಸೀಜರುಗಳು: ಮೊದಲು ‘ಸಾಲು’, ಆಮೇಲೆ ಇನ್ನೊಂದು ‘ಮುದ್ರಿಸು’. ‘ಸಾಲು’ ತನ್ನ ಒಡಲಲ್ಲಿ ‘ಮುದ್ರಿಸು’ವನ್ನು ಕರೆಯುತ್ತದೆ. ಯಾವ ‘ಮುದ್ರಿಸು’?

ಆಲ್ಗಾಲ್ ಕಲಿಸಿದಂತೆ ಓದಿದರೆ ಒಳಗಿನದು, ಅದೇ ಮನೆಯ ಅಜ್ಜಿ. ಆದರೆ ಒಂದೇ ಸಲ ಓದುವ ಕಂಪೈಲರ್ ಆ ಸಾಲಿಗೆ ಬಂದಾಗ ಒಳಗಿನ ಅಜ್ಜಿ ಇನ್ನೂ ಹುಟ್ಟಿಲ್ಲ. ಅದು ಸದ್ದಿಲ್ಲದೆ ಹೊರಗಿನದನ್ನು ಕರೆದು ಮುಂದೆ ಹೋಗುತ್ತದೆ. ಪ್ರೋಗ್ರಾಮ್ ಓಡುತ್ತದೆ, ತಕರಾರಿಲ್ಲ, ಕರೆದದ್ದು ಮಾತ್ರ ಬೇರೆಯವರನ್ನು. ವ್ಯಾಪ್ತಿ ಇಡೀ ಬ್ಲಾಕು, ಆದರೆ ಘೋಷಣೆಗೆ ಮೊದಲು ಬಳಸುವಂತಿಲ್ಲ ಎಂದು ಎರಡನ್ನೂ ಒಟ್ಟಿಗೆ ಹಿಡಿದರೆ, ಇಂಥ ಕರೆಯನ್ನು ತಪ್ಪೆಂದು ತಡೆಯಬೇಕಾಗುತ್ತದೆ. ಇದನ್ನು ಓದುವಾಗ ನನಗೆ ಎಲ್ಲವೂ ನಿಚ್ಚಳವಾಯಿತು. ವ್ಯಾಪ್ತಿ ಜಾಗದ ಪ್ರಶ್ನೆ: ಈ ಪಠ್ಯದ ಯಾವ ಭಾಗದಲ್ಲಿ ಈ ಹೆಸರು ಇವರದು. ಕ್ರಮ ಹೊತ್ತಿನ ಪ್ರಶ್ನೆ: ಓದುವವರು ಇಲ್ಲಿಗೆ ಬರುವ ಹೊತ್ತಿಗೆ ಇವರ ಪರಿಚಯ ಆಗಿದೆಯೇ. ಹೆಸರು ನಿಮ್ಮದೇ ಆಗಿದ್ದು, ಇನ್ನೂ ನಿಮ್ಮ ಕೈಗೆ ಸಿಗದೆಯೂ ಇರಬಹುದು.

ಕರ್ನಾಟಕದಲ್ಲಿ ನನ್ನ ವಯಸ್ಸಿನವರು ಈ ಕಟ್ಟಳೆಯನ್ನು ಕಂಡದ್ದು ಪ್ಯಾಸ್ಕಲ್‌ನಲ್ಲಿ ಅಲ್ಲ; ಪಿಯುಸಿಯ ಸಿ++ನಲ್ಲಿ, ಎಂಜಿನಿಯರಿಂಗ್ ಮೊದಲ ವರ್ಷದ ಸಿ ಭಾಷೆಯಲ್ಲಿ. ಸಿ ಭಾಷೆಯನ್ನು ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ 1972ರ ಸುಮಾರಿಗೆ ರೂಪಿಸಿದರು. ಅವರದೂ ಸಣ್ಣ ಯಂತ್ರವೇ. ಆದರೆ ಕ್ರಮದ ವಿಷಯದಲ್ಲಿ ಅವರದು ಉದಾರ ಧೋರಣೆ, ಅಪಾಯಕರವಾಗಿ ಉದಾರ. ಗೊತ್ತಿಲ್ಲದ ಫಂಕ್ಷನ್ ಎದುರಾದರೆ ಸಿ ತಕರಾರು ಮಾಡುತ್ತಿರಲಿಲ್ಲ. ಪೂರ್ಣಾಂಕ ಕೊಡುವ ಫಂಕ್ಷನ್ನೇ ಇರಬೇಕು ಎಂದು ಊಹಿಸಿ ಮುಂದುವರಿಯುತ್ತಿತ್ತು. ವರ್ಗಮೂಲದ ಫಂಕ್ಷನ್ನನ್ನು ಪರಿಚಯಿಸದೆ ಕರೆದರೆ ಅದು ಕೊಟ್ಟ ದಶಾಂಶ ಸಂಖ್ಯೆಯನ್ನು ಪೂರ್ಣಾಂಕವೆಂದು ಓದಿ ಅರ್ಥವಿಲ್ಲದ ಅಂಕಿಯೊಂದನ್ನು ಮುದ್ರಿಸುತ್ತಿತ್ತು. 1989ರ ಅಮೆರಿಕದ ಪ್ರಮಾಣಕ ಸಿ++ನಿಂದ ಪ್ರೊಟೋಟೈಪ್ ಎಂಬ ತಲೆಸಾಲನ್ನು ಎರವಲು ತಂದಿತು. 1999ರ ಪ್ರಮಾಣಕ ಊಹೆಯನ್ನು ತೆಗೆದೇ ಹಾಕಿತು.

ನಮ್ಮ ಲ್ಯಾಬುಗಳಲ್ಲಿ ಮಾತ್ರ 1999 ಬಹಳ ತಡವಾಗಿ ಬಂತು. ಟರ್ಬೋ ಸಿ++ನ ನೀಲಿ ಪರದೆ ಹೊಸ ಶತಮಾನದ ಎರಡನೆಯ ದಶಕದಲ್ಲೂ ಎಷ್ಟೋ ಕಾಲೇಜುಗಳಲ್ಲಿ ಇತ್ತು. ಹೊಸ ಫೈಲು ತೆರೆದರೆ ಅದು ತಾನಾಗಿ ಸಿ++ ಫೈಲೆಂದೇ ಹೆಸರು ಇಟ್ಟುಕೊಳ್ಳುತ್ತಿತ್ತು. ಹಾಗಾಗಿ ಪುಸ್ತಕದ ಹಳೆಯ ಸಿ ಪ್ರೋಗ್ರಾಮನ್ನು ನೋಡಿ ಬರೆದರೂ, ಫಂಕ್ಷನ್ನಿಗೆ ಪ್ರೊಟೋಟೈಪ್ ಇರಬೇಕು ಎಂಬ ತಕರಾರು ಬರುತ್ತಿತ್ತು. ಫೈಲಿನ ಹೆಸರಿನ ಕೊನೆಯನ್ನು ಸಿ ಎಂದಷ್ಟೇ ಮಾಡಿದರೆ ಅದೇ ತಕರಾರು ಬರೀ ಎಚ್ಚರಿಕೆಯಾಗಿ ಇಳಿಯುತ್ತಿತ್ತು. ಎಲ್ಲ ಪ್ರೋಗ್ರಾಮುಗಳ ನೆತ್ತಿಯ ಮೇಲೆ ನಾವು ಗಣೇಶಸ್ತುತಿಯಂತೆ ಬರೆಯುತ್ತಿದ್ದ ‘ಇನ್‌ಕ್ಲೂಡ್ ಎಸ್‌ಟಿಡಿಐಓ’ ಸಾಲು ಇದರದೇ ಫಲ. ಆ ಹೆಡರ್ ಫೈಲಿನಲ್ಲಿ ಪ್ರಿಂಟ್‌ಎಫ್‌ನ ಒಡಲು ಇಲ್ಲ, ಒಡಲು ಬೇರೆಲ್ಲೋ ಇದೆ. ಇರುವುದು ಮುಖ್ಯವಾಗಿ ತಲೆಸಾಲುಗಳು. ಅದು ನೆತ್ತಿಯ ಮೇಲೆ ಇರುವುದು ಭಕ್ತಿಯಿಂದಲ್ಲ, ಒಂದೇ ಸಲ ಓದುವವನಿಗೆ ಮೊದಲೇ ಪರಿಚಯ ಮಾಡಿಸಲು. ಈ ಒಂದು ಮಾತನ್ನು ಮೊದಲ ವಾರವೇ ಹೇಳಿದರೆ ಎಷ್ಟು ಮಂದಿಯ ಬಾಯಿಪಾಠ ತಪ್ಪುತ್ತಿತ್ತು!

ಯಂತ್ರಗಳು ದೊಡ್ಡವಾದ ಮೇಲೂ ನಿಯಮ ಉಳಿಯಿತು, ಹೊಸ ಸಮರ್ಥನೆಯೊಂದಿಗೆ. ಅಮೆರಿಕದ ರಕ್ಷಣಾ ಇಲಾಖೆಗಾಗಿ ಜಾನ್ ಇಶ್‌ಬಿಯಾ ತಂಡ ರೂಪಿಸಿದ ಏಡಾ ಭಾಷೆಗೆ 1983ರಲ್ಲಿ ಪ್ರಮಾಣಕ ಬಂತು. ಸಬ್‌ಪ್ರೋಗ್ರಾಮ್ ಎಂಬುದು ಅದರ ಅಧಿಕೃತ ಪಾರಿಭಾಷಿಕ ಪದ. ಏಡಾ ಕೂಡ ಮೊದಲು ಘೋಷಣೆ, ಆಮೇಲೆ ಬಳಕೆ ಎನ್ನುತ್ತದೆ; ಆದರೆ ಅಲ್ಲಿ ತಲೆಸಾಲು ಎಂಬುದು ಬಡ ಯಂತ್ರಕ್ಕೆ ಕೊಟ್ಟ ಭಿಕ್ಷೆಯಲ್ಲ, ಬಳಸುವವರಿಗೂ ಬರೆಯುವವರಿಗೂ ನಡುವಿನ ಕರಾರು. ತಲೆಸಾಲುಗಳ ಪುಟ ಒಂದು, ಒಡಲುಗಳ ಪುಟ ಇನ್ನೊಂದು. ಬಳಸುವವರು ಮೊದಲನೆಯದನ್ನಷ್ಟೇ ಓದಿದರೆ ಸಾಕು. ಈ ವಾದವನ್ನು ನಾನು ಒಪ್ಪುತ್ತೇನೆ, ಅರ್ಧ ಮಾತ್ರ. ಕರಾರಿಗೆ ಬೆಲೆ ಇದೆ. ಆದರೆ ಒಂದೇ ಫೈಲಿನ ಹತ್ತು ಸಾಲು ಕೆಳಗಿರುವುದನ್ನು ಮೇಲೆ ತಂದು ಹಾಕು ಅನ್ನುವುದಕ್ಕೂ ಅದೇ ದೊಡ್ಡ ಮಾತು ಹೇಳಿದರೆ, ಬಡತನದಲ್ಲಿ ಕಲಿತ ಅಭ್ಯಾಸವನ್ನು ಸಂಸ್ಕಾರವೆಂದು ಹೊಗಳಿದಂತಾಗುತ್ತದೆ. ಏಡಾದಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ತಲೆಸಾಲು ಕಂಡು ಕಂಪೈಲರ್ ಒಪ್ಪಿದರೂ, ಪ್ರೋಗ್ರಾಮ್ ಓಡುವಾಗ ಒಡಲು ಸಿದ್ಧವಾಗುವ ಮೊದಲೇ ಕರೆದರೆ ಅಲ್ಲಿಯೇ ತಪ್ಪಾಗಿ ನಿಲ್ಲುತ್ತದೆ. ಹೊತ್ತಿನ ಪ್ರಶ್ನೆ ಕಂಪೈಲರಿನ ಓದಿನಿಂದ ಓಟದ ಕಾಲಕ್ಕೆ ದಾಟಿತು.

1995ರ ಜಾವಾ ಒಂದು ಕ್ಲಾಸಿನೊಳಗಿನ ಮೆಥಡುಗಳನ್ನು ಯಾವ ಕ್ರಮದಲ್ಲಾದರೂ ಬರೆಯಿರಿ ಎಂದಿತು. ಅದೇ ವರ್ಷ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಮೊದಲ ರೂಪ ಕೊಟ್ಟ ಜಾವಾಸ್ಕ್ರಿಪ್ಟ್, ಕೆಳಗೆ ಘೋಷಿಸಿದ ಫಂಕ್ಷನುಗಳನ್ನು ತಾನೇ ಮೇಲಕ್ಕೆ ಎತ್ತಿಕೊಂಡಂತೆ ನಡೆದುಕೊಳ್ಳುತ್ತದೆ. ಪಕ್ಕದಲ್ಲಿ ಕೂತವರು ಹೇಳುತ್ತಿದ್ದ ಕೆಲಸವನ್ನು ಯಂತ್ರವೇ ಮಾಡಿತು. ಆದರೆ ವೇರಿಯಬಲ್ಲಿನ ಹೆಸರನ್ನು ಮಾತ್ರ ಎತ್ತಿ ಬೆಲೆಯನ್ನು ಕೆಳಗೇ ಬಿಡುತ್ತಿದ್ದುದರಿಂದ ಹೊಸ ಗೊಂದಲಗಳಾದವು. 2015ರ ಪ್ರಮಾಣಕ ತಂದ ‘ಲೆಟ್’ನಲ್ಲಿ, ಬ್ಲಾಕಿನ ಆರಂಭದಿಂದ ಘೋಷಣೆಯವರೆಗಿನ ಜಾಗದಲ್ಲಿ ಹೆಸರು ಇದೆ, ಮುಟ್ಟುವಂತಿಲ್ಲ. 1977ರ ಲೇಖನ ಕೇಳಿದ್ದ ಪ್ರಶ್ನೆಯೇ.

ಈಗ ಪಿಯುಸಿಯಲ್ಲಿ ಕಲಿಸುವ ಪೈಥಾನ್‌ನಲ್ಲೂ ಅದೇ ಪ್ರಶ್ನೆ ಕಾದು ಕೂತಿದೆ. ಹೊರಗೆ ‘ಒಟ್ಟು’ ಎಂದು ನೂರು ರೂಪಾಯಿ ಇಟ್ಟಿದ್ದೀರಿ. ಫಂಕ್ಷನ್ನಿನೊಳಗೆ ಮೊದಲ ಸಾಲಿನಲ್ಲಿ ‘ಒಟ್ಟು’ವನ್ನು ಮುದ್ರಿಸುತ್ತೀರಿ. ನೂರು ಬರುತ್ತದೆ. ಈಗ ಅದರ ಕೆಳಗೆ ‘ಒಟ್ಟು’ವಿಗೆ ಹೊಸ ಬೆಲೆ ಕೊಡುವ ಒಂದು ಸಾಲು ಸೇರಿಸಿ. ಇಷ್ಟು ಹೊತ್ತು ಓಡುತ್ತಿದ್ದ ಮೇಲಿನ ಸಾಲು ಮುರಿದು ಬೀಳುತ್ತದೆ! ಕೆಳಗಿನ ಒಂದು ಸಾಲಿನಿಂದಾಗಿ ‘ಒಟ್ಟು’ ಇಡೀ ಫಂಕ್ಷನ್ನಿನ ಸ್ವಂತ ಹೆಸರಾಯಿತು, ಹೊರಗಿನದು ಮರೆಯಾಯಿತು, ಒಳಗಿನದಕ್ಕೆ ಇನ್ನೂ ಬೆಲೆ ಬಂದಿಲ್ಲ. ಪೂರ್ತಿ ಅಪರಿಚಿತ ಹೆಸರು ಬಂದಾಗ ಪೈಥಾನ್ ಕೊಡುವ ತಪ್ಪಿಗೆ ‘ನೇಮ್ ಎರರ್’ ಎಂದು ಹೆಸರು. ಇದಕ್ಕೆ ‘ಅನ್‌ಬೌಂಡ್ ಲೋಕಲ್ ಎರರ್’ ಎಂದು ಬೇರೆಯೇ ಹೆಸರು. 2022ರಲ್ಲಿ ಬಂದ 3.11ನೇ ಆವೃತ್ತಿಯಲ್ಲಿ ಆ ಸಂದೇಶದ ಮಾತುಗಳನ್ನೂ ಬದಲಿಸಿದರು. ಹೆಸರು ಈ ಫಂಕ್ಷನ್ನಿನದೇ, ಆದರೆ ಈ ಸಾಲಿಗೆ ಬರುವ ಹೊತ್ತಿಗೆ ಅದಕ್ಕೆ ಬೆಲೆ ಸೇರಿಲ್ಲ ಎಂಬುದು ಈಗಿನ ಸಂದೇಶದ ತಾತ್ಪರ್ಯ.